ಗುರುತಿಲ್ಲದ ಕಾರ್ಡು

ಹಂಸಭಾವಿ
೪ ಸೆಪ್ಟೆಂಬರ್ ೨೦೨೩, ಸೋಮವಾರ

ಶ್ರೀಮತಿ ಗುಲ್ನಾರ ಅವರಿಗೆ,

ಹೋದ ಮೇ ಮೂವತ್ತೊಂದಕ್ಕೆ ಪ್ರೌಢಶಾಲೆಯ ಡ್ರಾಯಿಂಗ್ ಮಾಸ್ತರಿಕೆಯಿಂದ ನಿವೃತ್ತನಾದೆ. ನಿಮ್ಮ ತಂದೆ ಪೇಂಟರ್ ಫಕ್ರುಸಾಬರ ಅಂಗಡಿಯಲ್ಲಿ ಎಂಬತ್ತೆರಡರಿಂದ ಎಂಬತ್ತೈದರವರೆಗೆ ಕೆಲಸ ಕಲಿತ ಪರಮೇಶಪ್ಪ ನಾನು. ಸವಣೂರಿನಲ್ಲಿ ಸೋದರತ್ತೆಯ ಮನೆಯಲ್ಲಿ ಇರುತ್ತಿದ್ದೆ. ನಿಮಗೆ ನನ್ನ ನೆನಪು ಇರಲಿಕ್ಕಿಲ್ಲ. ನಾವು ಹುಡುಗರು ಪರದೆಯ ಈಚೆ ಬೋರ್ಡು ಉಜ್ಜುತ್ತಿದ್ದೆವು, ನೀವು ಆಚೆ ಬಣ್ಣ ಅರೆಯುತ್ತಿದ್ದಿರಿ. ಕಲ್ಲಿನ ಸದ್ದು ನಿಂತಿತೆಂದರೆ ಬಣ್ಣ ಸಿದ್ಧವಾಯಿತೆಂದು ನಮಗೆ ತಿಳಿಯುತ್ತಿತ್ತು.

ನಿಮ್ಮ ವಿಳಾಸ ಸಿಕ್ಕದ್ದು ಖಾರಾ ತಿಂಡಿಯ ಪೊಟ್ಟಣದ ಮೇಲೆ. ನೆರೆಯವರು ಸವಣೂರಿನಿಂದ ತಂದಿದ್ದರು. ‘ಅಕೀಬ ಖಾರಾ’ ಎಂಬ ಅಕ್ಷರಗಳನ್ನು ನೋಡಿ ಕೈ ಅಲ್ಲೇ ನಿಂತಿತು. ‘ಖ’ದ ಹೊಟ್ಟೆಯನ್ನು ಹಾಗೆ ತಿರುಗಿಸುವವರು ನಮ್ಮ ಉಸ್ತಾದರೊಬ್ಬರೇ. ಅಕೀಬ ಅವರ ಮೊಮ್ಮಗನೆಂದು ಆಮೇಲೆ ವಿಚಾರಿಸಿ ತಿಳಿದುಕೊಂಡೆ.

ವಿಷಯ ಇಷ್ಟು. ಇಪ್ಪತ್ತೇಳು ವರ್ಷಗಳಿಂದ ನಾನು ನನಗಾಗಿ ಒಂದು ಚಿತ್ರವನ್ನೂ ಬರೆದಿಲ್ಲ. ನಿವೃತ್ತಿಯಾದ ಮೇಲೆ ಬರೆಯಬೇಕೆಂದು ಹುಬ್ಬಳ್ಳಿಯಿಂದ ಒಳ್ಳೆಯ ಕುಂಚ, ಕಾಗದ ತಂದಿಟ್ಟೆ. ದಿನಾ ಬೆಳಿಗ್ಗೆ ಕೂಡುತ್ತೇನೆ. ಕರಿಹಲಗೆಯ ಮೇಲೆ ಬರೆದು ಬರೆದು ರೂಢಿಯಾದದ್ದೇ ಬರುತ್ತದೆ: ಎರಡು ಗುಡ್ಡ, ನಡುವೆ ಸೂರ್ಯ, ಒಂದು ಮಾವಿನಕಾಯಿ. ನನ್ನ ಹೆಂಡತಿ ದಾನವ್ವ ಚಹಾ ಇಟ್ಟು, ನೋಡಿ, “ಇದನ್ನ ಸಾಲ್ಯಾಗ ಬರದೀರಲ್ರಿ, ಮತ್ತ ಪಗಾರ ಕೊಡ್ತಾರೇನು?” ಎನ್ನುತ್ತಾಳೆ.

ಉಸ್ತಾದರು ಬಣ್ಣ ಕೂಡಿಸುವ ಬಗೆಯನ್ನು ಪುಸ್ತಕದಲ್ಲೇನಾದರೂ ಬರೆದಿಟ್ಟಿದ್ದರೆ, ಅದನ್ನು ಒಮ್ಮೆ ನೋಡಬಹುದೇ? ಮತ್ತೆ ಮೊದಲಿನಿಂದ ಕಲಿಯಬೇಕೆಂದಿದ್ದೇನೆ. ಕೆಳಗೆ ನನ್ನ ಫೋನ್ ನಂಬರ್ ಬರೆದಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಪರಮೇಶಪ್ಪ

*

ಸವಣೂರು
೧೯ ಸೆಪ್ಟೆಂಬರ್ ೨೦೨೩

ಪರಮೇಶಪ್ಪ ಮಾಸ್ತರರಿಗೆ,

ಪುಸ್ತಕವಿಲ್ಲ. ಅಬ್ಬಾ ಏನನ್ನೂ ಬರೆದಿಡುತ್ತಿರಲಿಲ್ಲ. ಉಳಿದಿರುವುದು ಅರೆಯುವ ಕಲ್ಲು ಒಂದೇ. ಸೊಸೆ ಫರ್ಜಾನಾ ಅದರಲ್ಲಿ ಶುಂಠಿ ಜಜ್ಜುತ್ತಾಳೆ.

ಪೊಟ್ಟಣದ ಅಕ್ಷರ ತನ್ನ ಅಜ್ಜನ ಹಳೆಯ ಬೋರ್ಡಿನಿಂದ ತೆಗೆದದ್ದೆಂದು ನನ್ನ ಮಗ ಅಕೀಬ ಗಿರಾಕಿಗಳಿಗೆ ಹೇಳುತ್ತಾನೆ.

ನೀವು ನೆನಪಿದ್ದೀರಿ. ಒಂದು ಬೋರ್ಡಿಗೆ ಮೂರು ಬೋರ್ಡಿನ ಹಸಿರು ಖರ್ಚು ಮಾಡುತ್ತಿದ್ದಿರಿ. ಮುಖ ನೋಡಿದವರು ಮರೆಯಬಹುದು, ಬಣ್ಣ ಅರೆದವಳು ಮರೆಯುವುದಿಲ್ಲ.

ಪತ್ರವೇ ಇರಲಿ. ಫೋನಿನಲ್ಲಿ ಕೇಳಿದ ಕೂಡಲೇ ಉತ್ತರ ಕೊಡಬೇಕಾಗುತ್ತದೆ.

ಗುಲ್ನಾರ

*

ಹಂಸಭಾವಿ
೨೭ ಸೆಪ್ಟೆಂಬರ್ ೨೦೨೩

ಗುಲ್ನಾರ ಅವರಿಗೆ,

ಹಸಿರಿನ ವಿಷಯ ನಿಜ. ಆದರೆ ಅದಕ್ಕೆ ಉಸ್ತಾದರೇ ಕಾರಣ. ಒಂದು ದಿನ ಅವರು ನನ್ನನ್ನು ವೀಳ್ಯದೆಲೆ ಬಳ್ಳಿಯ ತೋಟಕ್ಕೆ ಕಳಿಸಿ, “ಎಷ್ಟು ಹಸರು ಅದಾವ ಎಣಿಸಿ ಬಾ” ಎಂದರು. ನಾನು ಮಧ್ಯಾಹ್ನ ಬಂದು ಒಂಬತ್ತು ಎಂದೆ. “ಸಂಜಿಮಟ ಕುಂತಿದ್ರ ಹತ್ತೊಂಬತ್ತು ಆಗತಿದ್ವು. ಉಂಡು ಹೋಗು ಮತ್ತ” ಎಂದರು. ಅಂದು ತೋಟದ ಒಳಗೆ ನೆಲ ತಣ್ಣಗೆ, ಮೇಲೆ ಎಲೆಗಳ ಸಂದಿನಿಂದ ಇಳಿದ ಬಿಸಿಲು ನಾಣ್ಯ ಚೆಲ್ಲಿದ ಹಾಗೆ. ಅಷ್ಟು ಹೊತ್ತು ಒಂದೇ ಕಡೆ ಕಣ್ಣು ಬಿಟ್ಟು ಕುಳಿತದ್ದು ನನ್ನ ಜೀವನದಲ್ಲಿ ಅದೇ ಮೊದಲು. ಆ ಸಂಜೆ ತಿರುಗಿ ಬರುವಾಗ ಓಣಿಯ ಗೋಡೆಗಳೂ ಬೇರೆಯಾಗಿ ಕಂಡವು. ಈಗ ನನಗೆ ಬೇಕಾಗಿರುವುದು ಆ ಕಣ್ಣು.

ಹೋದ ಪತ್ರದಲ್ಲಿ ಪುಸ್ತಕ ಕೇಳಿದೆ. ನಾನು ಕೇಳಬೇಕಾಗಿದ್ದು ಅದಲ್ಲ.

ಎಂಬತ್ತೊಂಬತ್ತರಲ್ಲಿ ನನಗೆ ಹಂಗಾಮಿ ಮಾಸ್ತರಿಕೆ ಸಿಕ್ಕಿತು. ಪೇಢೆ ಕೊಡಲು ಬಂದಾಗ ಉಸ್ತಾದರು, “ಮಾಸ್ತರ ಆದಿ ಅಂದ್ರ ಕೈ ಸತ್ತಂಗ. ವಾರಕ್ಕೊಂದು ಕಾರ್ಡಿನ ಮ್ಯಾಲ ಚಿತ್ರ ಬರದು ಕಳಸು. ಜಾಗಾ, ಹೊತ್ತು ಕೆಳಗ ಬರಿ. ನೋಡದ ಬರದಿ ಅಂದ್ರ ಅದು ಚಿತ್ರ ಅಲ್ಲ, ಸುಳ್ಳು ಸಾಕ್ಷಿ” ಎಂದರು. ಅವರ ನಿಯಮ ನಿಮಗೂ ಗೊತ್ತಿರಬೇಕು: ಒಂದು ಕಾರ್ಡಿಗೆ ಒಂದೇ ತಪ್ಪು. ಕೆಂಪು ಪೆನ್ಸಿಲ್ಲಿನಿಂದ ಆ ತಪ್ಪಿನ ಸುತ್ತ ಉಂಗುರ ಹಾಕಿ, ಕಾರ್ಡನ್ನು ಪಾಕೀಟಿನಲ್ಲಿಟ್ಟು ತಿರುಗಿ ಕಳಿಸುತ್ತಿದ್ದರು. ಏಳು ವರ್ಷದಲ್ಲಿ ಮುನ್ನೂರ ಹನ್ನೊಂದು ಕಾರ್ಡು. ಎಲ್ಲವೂ ನನ್ನ ಟ್ರಂಕಿನಲ್ಲಿವೆ.

ಕೊನೆಯದು ತೊಂಬತ್ತಾರರ ಮಾರ್ಚಿನದು. ಅಕ್ಕಿಆಲೂರಿನ ಅಕ್ಕಿ ಗಿರಣಿಯ ಅಂಗಳ, ಸಂಜೆ ಐದು. ಅದು ಯಾವ ಗುರುತೂ ಇಲ್ಲದೆ ತಿರುಗಿ ಬಂತು. ಎರಡು ದಿನ ಅದನ್ನು ಬೆಳಕಿಗೆ ಹಿಡಿದು ಕೆಂಪು ಹುಡುಕಿದೆ. ತಿದ್ದುವುದಕ್ಕೂ ಯೋಗ್ಯನಲ್ಲ ಎಂದು ಉಸ್ತಾದರು ನನ್ನನ್ನು ಬಿಟ್ಟರೆಂದು ತಿಳಿದುಕೊಂಡೆ. ಆಮೇಲೆ ನಾನು ಕಳಿಸಲಿಲ್ಲ. ಅವರೂ ಕೇಳಲಿಲ್ಲ. ಎರಡು ಸಾವಿರದ ಒಂದರಲ್ಲಿ ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಎಂಟು ತಿಂಗಳ ಮೇಲೆ.

ಈಗಲೂ ಕುಂಚ ಎತ್ತಿದರೆ ಆ ಕಾರ್ಡು ಕಣ್ಣಿಗೆ ಬರುತ್ತದೆ, ಕೈ ಮುಂದೆ ಹೋಗುವುದಿಲ್ಲ. ಅವರು ಮನೆಯಲ್ಲಿ ಏನಾದರೂ ಅಂದಿದ್ದರೆ, ಅದು ಎಂಥ ಮಾತಾಗಿದ್ದರೂ ಸರಿ, ತಿಳಿಸಿ.

ಪರಮೇಶಪ್ಪ

*

ಸವಣೂರು
೩೦ ಅಕ್ಟೋಬರ್ ೨೦೨೩

ಮಾಸ್ತರರಿಗೆ,

ಉತ್ತರ ತಡವಾಯಿತು. ದೀಪಾವಳಿ ಹತ್ತಿರ ಬಂತು, ಖಾರದ ಭಟ್ಟಿ ಹಗಲೆಲ್ಲ ಉರಿಯುತ್ತದೆ.

ಆ ಮಾರ್ಚ್ ತಿಂಗಳಲ್ಲಿ ಬೋರ್ಡಿನ ಕೆಲಸ ಬಹಳ ಇತ್ತು. ಅಬ್ಬಾ ಮರೆತಿರಬಹುದು. ಇಲ್ಲದವರನ್ನು ಈಗ ಏನು ಕೇಳುವುದು?

ನಿಮ್ಮ ಕಾರ್ಡುಗಳು ಮಂಗಳವಾರ ಬರುತ್ತಿದ್ದವು. ಒಂದರಲ್ಲಿ ಹಿರೇಕೆರೂರಿನ ದರ್ಜಿಯೊಬ್ಬ ಬಾಗಿಲಲ್ಲಿ ಕುಳಿತು ಸೂಜಿಗೆ ದಾರ ಪೋಣಿಸುತ್ತಿದ್ದ. ದಾರವನ್ನು ನೀವು ಬರೆದಿರಲಿಲ್ಲ, ಆದರೂ ಕಾಣುತ್ತಿತ್ತು. ಅದೊಂದು ನನಗೆ ನೆನಪಿದೆ.

ಗುಲ್ನಾರ

*

ಹಂಸಭಾವಿ
೮ ನವೆಂಬರ್ ೨೦೨೩

ಗುಲ್ನಾರ ಅವರಿಗೆ,

ಮರೆತಿರಬಹುದು ಎಂದು ಬರೆದಿದ್ದೀರಿ. ಉಸ್ತಾದರು ಒಂದು ಪೂರ್ಣವಿರಾಮವನ್ನೂ ಮರೆಯುವವರಲ್ಲ. ನನ್ನ ಮನಸ್ಸು ನೋಯಬಾರದೆಂದು ಹಾಗೆ ಬರೆದಿರಿ ಎಂದು ತಿಳಿಯುತ್ತದೆ. ಇನ್ನು ಕೇಳುವುದಿಲ್ಲ.

ದರ್ಜಿಯ ಕಾರ್ಡನ್ನು ಹುಡುಕಿ ತೆಗೆದೆ. ಎಡಗಿವಿಯ ಮೇಲೆ ಉಂಗುರವಿದೆ. ಸರಿಯಾದ ಜಾಗ.

ಇದರ ಜೊತೆ ಒಂದು ಕಾರ್ಡು ಇಟ್ಟಿದ್ದೇನೆ. ನಮ್ಮ ಹಿತ್ತಿಲ ಕೊಟ್ಟಿಗೆ, ಬೆಳಿಗ್ಗೆ ಎಂಟು. ಇಪ್ಪತ್ತೇಳು ವರ್ಷದ ಮೇಲೆ ಮೊದಲನೆಯದು. ಕಳಿಸಲು ಬೇರೆ ಯಾರೂ ಇಲ್ಲವಾದ್ದರಿಂದ ಕಳಿಸಿದ್ದೇನೆ. ನೀವು ಏನೂ ಮಾಡಬೇಕಾಗಿಲ್ಲ.

ಪರಮೇಶಪ್ಪ

*

ಸವಣೂರು
೨೧ ನವೆಂಬರ್ ೨೦೨೩

ಕಾರ್ಡು ತಿರುಗಿ ಕಳಿಸಿದ್ದೇನೆ. ಆಕಳು ಮೇವಿಗಾಗಿ ಕುತ್ತಿಗೆ ಚಾಚಿ ಎಳೆಯುತ್ತಿದೆ. ಎಳೆದ ಹಗ್ಗ ಜೋತು ಬೀಳುವುದಿಲ್ಲ.

ಗು.

*

ಹಂಸಭಾವಿ
೨೫ ನವೆಂಬರ್ ೨೦೨೩, ಶನಿವಾರ

ಗುಲ್ನಾರ ಅವರಿಗೆ,

ಹಗ್ಗದ ಸುತ್ತ ನೀವು ಹಾಕಿದ ಉಂಗುರ ಕೆಳಗೆ ಎಡಕ್ಕೆ ಕೂಡಿಲ್ಲ. ಜೋಳದ ಕಾಳಿನಷ್ಟು ಸಂದು ಬಿಟ್ಟಿದೆ. ಟ್ರಂಕು ತೆಗೆದು ಉಂಗುರವಿದ್ದ ಮುನ್ನೂರ ಹತ್ತು ಕಾರ್ಡುಗಳನ್ನೂ ಹಾಸಿಗೆಯ ಮೇಲೆ ಹರವಿದೆ. ಮೊದಲಿನ ಆರರಲ್ಲಿ ಉಂಗುರ ಪೂರ್ತಿ ಕೂಡಿದೆ. ಉಳಿದ ಎಲ್ಲದರಲ್ಲೂ ಅದೇ ಜಾಗದಲ್ಲಿ ಅಷ್ಟೇ ಸಂದು.

ದಾನವ್ವ ಬಾಗಿಲಲ್ಲಿ ನಿಂತು, “ಏನ್ರಿ ಇದು, ಇಸ್ಪೇಟು ಹರವಿದಂಗ?” ಎಂದಳು.

ನನ್ನ ಕಾರ್ಡುಗಳನ್ನು ತಿದ್ದಿದವರು ಯಾರು?

ಪರಮೇಶಪ್ಪ

*

ಸವಣೂರು
೧೧ ಡಿಸೆಂಬರ್ ೨೦೨೩

ಪರಮೇಶಣ್ಣನಿಗೆ,

ನಾನು.

ಇಷ್ಟು ಬರೆದು ಹತ್ತು ದಿನ ಕಾಗದವನ್ನು ಮಡಿಸಿಟ್ಟಿದ್ದೆ. ಇವತ್ತು ಉಳಿದದ್ದನ್ನು ಬರೆಯುತ್ತೇನೆ.

ಎಂಬತ್ತೊಂಬತ್ತರ ಮಳೆಗಾಲದಲ್ಲಿ ಅಬ್ಬಾನ ಕಣ್ಣು ಮಂಜಾಗತೊಡಗಿತು. ದೀಪಾವಳಿಯ ಹೊತ್ತಿಗೆ ಬೆಳಕು ಕತ್ತಲೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಹುಬ್ಬಳ್ಳಿಯ ವೈದ್ಯರು, ಒಳಗಿನ ನರ ಹೋಗಿದೆ, ತಿರುಗಿ ಬರುವುದಿಲ್ಲ ಎಂದರು. ಕುರುಡ ಪೇಂಟರನಿಗೆ ಬೋರ್ಡು ಯಾರು ಕೊಡುತ್ತಾರೆ? ಮನೆಯಲ್ಲಿ ನಾವು ಐದು ಜನ. ನಾನು ಒಳಗೆ ಕುಳಿತು ಬೋರ್ಡು ಬರೆಯತೊಡಗಿದೆ. ಅಬ್ಬಾ ಹೊರಗೆ ಕುರ್ಚಿಯ ಮೇಲೆ ಕುಳಿತು ಗಿರಾಕಿಗಳ ಜೊತೆ ಮಾತಾಡುತ್ತಿದ್ದರು, ಅಂಗಿಗೆ ನಾನೇ ಒಂದಿಷ್ಟು ಬಣ್ಣ ಹಚ್ಚಿ ಕಳಿಸುತ್ತಿದ್ದೆ. ಅಕೀಬನ ಪೊಟ್ಟಣದ ಅಕ್ಷರವೂ ನಾನು ಬರೆದದ್ದೇ. ಅವನಿಗೂ ಗೊತ್ತಿಲ್ಲ.

ಏಳು ವರ್ಷದಲ್ಲಿ ನೀವು ಎರಡು ಸಲ ಬಂದಿರಿ. ಅಬ್ಬಾ ನಿಮ್ಮ ಮುಖವನ್ನೇ ನೋಡುತ್ತ ಮಾತಾಡಿದರು ಎಂದುಕೊಂಡಿರಬೇಕು. ನಿಮ್ಮ ದನಿ ಬಂದ ಕಡೆ ಮುಖ ಮಾಡಿದ್ದರು.

ನಿಮ್ಮ ಕಾರ್ಡು ಬಂದರೆ ನಾನು ಅವರಿಗೆ ಓದಿ ಹೇಳಬೇಕಾಗಿತ್ತು, ಕಾಗದ ಓದಿದ ಹಾಗೆ. ತಪ್ಪು ಹುಡುಕುವುದು ನನ್ನ ಕೆಲಸ. ಅದು ತಪ್ಪು ಹೌದೋ ಅಲ್ಲವೋ ಎಂದು ನಿರ್ಧರಿಸುವುದು ಅವರದು. ಮದುವೆಯಾಗಿ ಎರಡು ಓಣಿ ಆಚೆ ಬಂದ ಮೇಲೂ ತವರಿಗೆ ಹೋಗಿ ಬೋರ್ಡು ಬರೆಯುವುದನ್ನು ಬಿಡಲಿಲ್ಲ, ಮಂಗಳವಾರ ಮಾತ್ರ ಎಂದೂ ತಪ್ಪಿಸಲಿಲ್ಲ. ಅತ್ತೆ, “ನಿಮ್ಮಪ್ಪಗ ಔಷಧ ಹಾಕಾಕ ನೀನ ಆಗಬೇಕೇನ?” ಎನ್ನುತ್ತಿದ್ದರು. ಹೌದು ಎನ್ನುತ್ತಿದ್ದೆ.

ಗಿರಣಿಯ ಕಾರ್ಡಿನ ದಿನ ಹೀಗಾಯಿತು. ಅಬ್ಬಾ ಕೇಳಿದರು:

“ಏನ ಐತಿ ಬೇಟಿ?”

“ಗಿರಣಿ ಅಂಗಳ ಅಬ್ಬಾ. ಚಿಮಣಿ ಐತಿ. ಮೂರು ಮಂದಿ ಹೆಂಗಸರು ಭತ್ತ ಗೂಡಿಸಿ ರಾಶಿ ಮಾಡಾಕತ್ತಾರ.”

“ನೆರಳು?”

“ಚಿಮಣೀದು ಅಂಗಳದ ಮ್ಯಾಲೆ ಉದ್ದಕ ಬಿದ್ದೈತಿ. ಹೆಂಗಸರದೂ ಅದ ಕಡೆ. ಸರಿ ಐತಿ.”

“ಬಗ್ಗಿದಾಕಿ ಸೊಂಟ?”

“ಅದೂ ಸರಿ ಐತಿ.”

“ಹಂಗಾರ ನೀ ಸರಿ ನೋಡಿಲ್ಲ. ನಾಳಿ ನೋಡು.”

ಮೂರು ದಿನ ನೋಡಿದೆ. ಅಕೀಬ ಆಗ ಎರಡು ವರ್ಷದವನು, ಅವನನ್ನು ಕಾಲ ಮೇಲೆ ಹಾಕಿಕೊಂಡು ನೋಡಿದೆ. ತಪ್ಪು ಸಿಗಲಿಲ್ಲ. ನಾಲ್ಕನೆಯ ದಿನ ಅಬ್ಬಾ ನಕ್ಕರು. “ತಪ್ಪಿಲ್ಲ ಅಂದ್ರ ತಪ್ಪಿಲ್ಲ. ಹಂಗ ಕಳಸು. ಅವಂಗ ತಿಳೀತೈತಿ” ಎಂದರು. ಆ ದಿನ ಅವರು ಎರಡು ಸಲ ಚಹಾ ಕೇಳಿ ಕುಡಿದರು.

ನಿಮಗೆ ತಿಳಿಯಲಿಲ್ಲ.

ಆ ಕಾರ್ಡನ್ನು ನನಗೆ ಕಳಿಸಿಕೊಡಿ. ಮತ್ತೊಮ್ಮೆ ನೋಡಬೇಕು.

ಗುಲ್ನಾರ

*

ಹಂಸಭಾವಿ
೧೬ ಡಿಸೆಂಬರ್ ೨೦೨೩

ಪ್ರಿಯ ಗುಲ್ನಾರಗೆ,

ನಿನ್ನ ಪತ್ರವನ್ನು ದಾನವ್ವನಿಗೆ ಓದಿ ಹೇಳಿದೆ. ಅವಳು, “ಒಂದು ಮಾತು ಹೋಗಿ ಕೇಳಿದ್ರ ಆಗತಿದ್ದಿಲ್ಲೇನ್ರಿ? ಸವಣೂರೇನು ಸಮುದ್ರದ ಆಚಿ ಐತೇನು?” ಎಂದಳು.

ಇಷ್ಟು ದಿನ ನಾನು ಗುರು ಎಂದು ನೆನೆಯುತ್ತಿದ್ದದ್ದು ಉಸ್ತಾದರನ್ನು. ನಮಸ್ಕಾರದ ಅರ್ಧ ಭಾಗ ಇಷ್ಟು ವರ್ಷ ವಿಳಾಸ ತಪ್ಪಿ ಹೋಗಿದೆ. ಇನ್ನು ಮುಂದೆ ತಪ್ಪುವುದಿಲ್ಲ.

ನನಗೆ ಬಹಳ ಸಂತೋಷವಾಗಿದೆ. ಉಸ್ತಾದರು ನನ್ನನ್ನು ಬಿಟ್ಟಿರಲಿಲ್ಲ ಎಂಬುದೊಂದೇ ಸಾಕು. ನಿನ್ನೆ ಬೆಳಿಗ್ಗೆ ಕೂತು ನಾಲ್ಕು ಚಿತ್ರ ಬರೆದೆ. ನಾಲ್ಕೂ ಚೆನ್ನಾಗಿ ಬಂದಿವೆ. ನಮ್ಮ ಶಾಲೆಯ ಹೊಸ ಮಾಸ್ತರರು ನೋಡಿ, ಸರ್, ನೀವು ಮೊದಲೇ ಬರೆಯಬೇಕಿತ್ತು ಎಂದರು. ಇನ್ನು ದಿನಕ್ಕೊಂದರಂತೆ ಬರೆಯುವ ವಿಚಾರವಿದೆ. ಗಿರಣಿ, ಸಂತೆ, ಎಲೆ ತೋಟ, ಎಲ್ಲ ಮನಸ್ಸಿನಲ್ಲಿ ತಯಾರಾಗಿಯೇ ಇವೆ.

ನೀನು ಕೇಳಿದ ಕಾರ್ಡನ್ನು ಇದರ ಜೊತೆ ಇಟ್ಟಿದ್ದೇನೆ. ಅದನ್ನು ಮತ್ತೆ ನೋಡುವ ಅಗತ್ಯವೇನೂ ಇಲ್ಲ. ಆದರೂ ನಿನ್ನ ಮಾತು ಮೀರುವುದಿಲ್ಲ.

ಪರಮೇಶಣ್ಣ

*

ಸವಣೂರು
೨೯ ಜನವರಿ ೨೦೨೪

ಪರಮೇಶಣ್ಣನಿಗೆ,

ಫರ್ಜಾನಾಳ ತವರು ಹಾನಗಲ್ಲಿನಲ್ಲಿ. ಅವಳ ತಮ್ಮನ ಮದುವೆಗೆ ಹೋಗಿದ್ದೆವು. ಮದುವೆಯ ಮರುದಿನ ಮಧ್ಯಾಹ್ನ, ಸಂತೆಗೆ ಹೋಗಿ ಬರುತ್ತೇನೆ ಎಂದು ಹೇಳಿ ಅಕ್ಕಿಆಲೂರಿನ ಬಸ್ಸು ಹತ್ತಿದೆ. ಚೀಲದಲ್ಲಿ ನಿಮ್ಮ ಕಾರ್ಡು. ಐವತ್ತೈದು ವರ್ಷಕ್ಕೆ ಒಬ್ಬಳೇ ಬಸ್ಸಿನಲ್ಲಿ ಕುಳಿತದ್ದು ಇದೇ ಮೊದಲು. ಹೆಂಗಸರಿಗೆ ಈಗ ಟಿಕೆಟಿನ ಹಣವಿಲ್ಲ. ಕಂಡಕ್ಟರ್ ಆಧಾರ್ ಕೇಳಿದ, ನಾನು ಗಡಿಬಿಡಿಯಲ್ಲಿ ಕಾರ್ಡು ಎಂದು ನಿಮ್ಮ ಚಿತ್ರ ಕೊಟ್ಟೆ. “ಇದರಾಗ ನೀವು ಯಾರ್ರಿ ಯಕ್ಕಾ, ಬಗ್ಗಿದಾಕೀನೋ ನಿಂತಾಕೀನೋ?” ಎಂದ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಗಿರಣಿ ನಿಂತು ಎಂಟು ವರ್ಷವಾಗಿದೆ. ಚಿಮಣಿ ಇದೆ. ಕಾವಲಿನವನು ಕರೀಮಸಾಬ ಎಂಬ ಮುದುಕ. ನಾನು ಗೇಟಿನಲ್ಲಿ ನಿಂತದ್ದು ನೋಡಿ, “ತುಗೊಳ್ಳಾಕ ಬಂದೀರೇನ್ರಿ?” ಎಂದ.

“ಇಲ್ಲ, ನೆರಳು ನೋಡಾಕ ಬಂದೇನಿ.”

“ನೆರಳು?”

“ಚಿಮಣಿ ನೆರಳು. ಸಂಜಿ ಐದರದು.”

ಅವನು ನನ್ನನ್ನು ಒಮ್ಮೆ, ಚಿಮಣಿಯನ್ನು ಒಮ್ಮೆ ನೋಡಿದ. “ಕುಂತ್ರಿ ಹಂಗಾರ. ಇನ್ನೂ ಮೂರೂವರಿ ಆಗೈತಿ. ನೆರಳಿಗೆ ಯಾರೂ ಇಲ್ಲೀಮಟ ಬಂದಿದ್ದಿಲ್ಲ ನೋಡ್ರಿ” ಎಂದು ನೀರು ಕೊಟ್ಟ.

ಕುಳಿತೆ. ನೀವು ಎಂಟೋ ಹತ್ತೋ ಸಲ ಬರೆದು ಕಳಿಸಿದ ಅಂಗಳ. ನಾನು ಕೆಂಪು ಪೆನ್ಸಿಲ್ಲಿನಿಂದ ತಿದ್ದಿದ ಅಂಗಳ. ಅದು ಅಷ್ಟು ದೊಡ್ಡದಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಫರಸಿ ಕಲ್ಲುಗಳ ಸಂದಿಯಲ್ಲಿ ಹುಲ್ಲು ಬೆಳೆದಿದೆ. ಎಷ್ಟೋ ವರ್ಷ ಕಿಟಕಿಯಿಂದ ನೋಡಿದ ಮನೆಯೊಳಗೆ ಕಾಲಿಟ್ಟ ಹಾಗೆ ಆಯಿತು. ಅಬ್ಬಾನನ್ನು ಕರೆದುಕೊಂಡು ಬರಬೇಕಾಗಿತ್ತು ಎನ್ನಿಸಿತು.

ಐದಾಯಿತು. ಚಿಮಣಿ ಅಂಗಳದ ಪೂರ್ವಕ್ಕಿದೆ. ಸಂಜೆ ಅದರ ನೆರಳು ಗೋಡೆ ದಾಟಿ ಆಚೆಯ ರಸ್ತೆಗೆ ಬೀಳುತ್ತದೆ. ಅಂಗಳದಲ್ಲಿ ಪೂರ್ತಿ ಬಿಸಿಲು. ಚಿಮಣಿಯನ್ನಾಗಲಿ ಅಂಗಳವನ್ನಾಗಲಿ ಬದಲು ಮಾಡಿದ್ದಾರೆಯೇ ಎಂದು ಕರೀಮಸಾಬನನ್ನು ಕೇಳಿದೆ. “ನಮ್ಮಪ್ಪ ಇಲ್ಲೇ ಹಮಾಲಿ ಮಾಡಿದಾಂವ. ಆವಾಗಿಂದ ಎರಡೂ ಅಲ್ಲೇ ಅದಾವ್ರಿ” ಎಂದ. ಅಂಗಳದ ಮೇಲೆ ನೆರಳು ಬೀಳುವುದು ಬೆಳಿಗ್ಗೆ ಮಾತ್ರವಂತೆ.

ನಿಮ್ಮ ಕಾರ್ಡಿನ ಒಳಗೆ ತಪ್ಪಿಲ್ಲ. ನೆರಳೆಲ್ಲ ಒಂದೇ ಕಡೆ ಇದೆ. ಅದಕ್ಕೇ ನನಗೆ ಸವಣೂರಿನಲ್ಲಿ ಕುಳಿತು ಸಿಗಲಿಲ್ಲ. ಆದರೆ ಅಕ್ಕಿಆಲೂರಿನಲ್ಲಿ ಆ ಹೊತ್ತಿಗೆ ಆ ನೆರಳು ಇಲ್ಲ.

ಉಂಗುರ ಹಾಕಿ ಕಾರ್ಡು ಕಳಿಸಿದ್ದೇನೆ. ಆ ಸಂಜೆ ನೀವು ಅಲ್ಲಿ ಇದ್ದಿರಾ?

ಗುಲ್ನಾರ

*

ಹಂಸಭಾವಿ
೧೯ ಫೆಬ್ರುವರಿ ೨೦೨೪

ಗುಲ್ನಾರ,

ಇರಲಿಲ್ಲ.

ತೊಂಬತ್ತಾರರ ಆ ವಾರ ಕೆಲಸ ಕಾಯಂ ಮಾಡುವ ಆದೇಶಕ್ಕಾಗಿ ಧಾರವಾಡಕ್ಕೆ ಹೋಗಿದ್ದೆ. ಮೂರು ದಿನ ಕಚೇರಿಯ ಪಡಸಾಲೆಯ ಬೆಂಚಿನ ಮೇಲೆ ಕೂಡಿಸಿದರು. ಶನಿವಾರದೊಳಗೆ ಕಾರ್ಡು ಟಪಾಲಿಗೆ ಹಾಕಬೇಕು. ಬೆಂಚಿನ ಮೇಲೆಯೇ ತಲೆಯೊಳಗಿಂದ ಗಿರಣಿಯನ್ನು ಬರೆದೆ. ಕೈ ತಾನಾಗಿ ಓಡಿತು. ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಬರೆದಿರಲಿಲ್ಲ. ಕೆಳಗೆ ‘ಅಕ್ಕಿಆಲೂರು, ಸಂಜೆ ಐದು’ ಎಂದು ಬರೆಯುವಾಗ ಮಾತ್ರ ಸ್ವಲ್ಪ ತಡೆದೆ, ಆದರೂ ಬರೆದೆ.

ಕಾರ್ಡು ಗುರುತಿಲ್ಲದೆ ಬಂದಾಗ ಉಸ್ತಾದರು ಕಳ್ಳತನ ಹಿಡಿದರೆಂದು ಖಾತ್ರಿಯಾಯಿತು. ಸುಳ್ಳು ಸಾಕ್ಷಿಗೆ ತಿದ್ದುಪಡಿ ಏಕೆ ಎಂದು ಹಾಗೆಯೇ ಕಳಿಸಿದ್ದಾರೆ ಎಂದುಕೊಂಡೆ. ಸವಣೂರಿಗೆ ಬಂದು ಕೇಳದಿದ್ದದ್ದು ಇದಕ್ಕೆ. ಡಿಸೆಂಬರಿನಲ್ಲಿ ನಿನ್ನ ಪತ್ರ ಬಂದಾಗಲೂ ಹೇಳಬಹುದಿತ್ತು. ಹೊಗಳಿಕೆ ಸಿಕ್ಕಿತ್ತು, ಕೈಬಿಡಲು ಮನಸ್ಸಾಗಲಿಲ್ಲ. ಆ ವಾರ ಬರೆದ ನಾಲ್ಕು ಚಿತ್ರಗಳೂ ಮನೆಯೊಳಗೇ ಕುಳಿತು ಬರೆದವು. ಮೊನ್ನೆ ಅವನ್ನು ತೆಗೆದು ನೋಡಿದೆ. ಒಂದರಲ್ಲೂ ಗಾಳಿಯಿಲ್ಲ.

ಒಂದು ಪ್ರಶ್ನೆ ಎರಡು ವಾರದಿಂದ ನನ್ನನ್ನು ಬಿಟ್ಟಿಲ್ಲ. ನನ್ನ ಮುನ್ನೂರ ಹನ್ನೊಂದು ಕಾರ್ಡುಗಳಲ್ಲಿ ಉತ್ತಮವಾದದ್ದು ನೋಡದೆ ಬರೆದದ್ದು. ಹಾಗಿದ್ದರೆ ನೋಡುವುದರಿಂದ ಏನು ಪ್ರಯೋಜನ?

ಅದನ್ನೇ ತಲೆಯಲ್ಲಿಟ್ಟುಕೊಂಡು, ಹೋದ ಗುರುವಾರ ಬಸ್ಸು ಹತ್ತಿದೆ. ಶಿಗ್ಗಾಂವಿಯಲ್ಲಿ ಇಳಿದು, ಮಡಕೆ ಮಾರುವವರ ಎದುರು ಕುಳಿತೆ. ಬೆಳಿಗ್ಗೆ ಹನ್ನೊಂದು. ಸುಲಭವೆಂದು ಕುಳಿತವನು ಎರಡು ತಾಸು ಒದ್ದಾಡಿದೆ. ಮಡಕೆ ನೂರು ಇದ್ದರೂ ಪ್ರತಿಯೊಂದರ ಮೇಲೆ ಬೆಳಕು ಬೇರೆ, ಒಂದರ ಕೆಂಪು ಪಕ್ಕದ್ದರ ಹೊಟ್ಟೆಯ ಮೇಲೆ ಬಿದ್ದಿರುತ್ತದೆ. ಅಂಗಡಿಯ ತಿಪ್ಪವ್ವ ಮೊದಲು, “ಯಾವ ಆಫೀಸಿನವರ್ರಿ ನೀವು?” ಎಂದು ಗದರಿಸಿದಳು. ಆಮೇಲೆ ಚಿತ್ರ ನೋಡಿ, “ಅಯ್ಯ, ನನ್ನ ಗಡಿಗಿ ಎಲ್ಲಾ ಸೊಟ್ಟ ಮಾಡಿಟ್ರಲ್ಲೋ ಯಪ್ಪಾ, ಇನ್ನ ಯಾರು ತುಗೋತಾರ ಇವನ್ನ?” ಎಂದಳು. ಅವಳು ಹೇಳಿದ್ದು ಸರಿ. ಬಹಳ ಕೆಟ್ಟದಾಗಿದೆ. ಆದರೆ ಅಲ್ಲಿಂದ ಏಳಲು ಮನಸ್ಸಿರಲಿಲ್ಲ. ಎಲೆ ತೋಟದ ದಿನದ ನಂತರ ಹಾಗೆ ಕುಳಿತದ್ದು ಈಗಲೇ.

ಆ ಕಾರ್ಡು ಇದರೊಂದಿಗಿದೆ. ಇನ್ನು ಪ್ರತಿ ಗುರುವಾರ ಎಲ್ಲಿಗಾದರೂ ಹೋಗಿ ಕೂಡುತ್ತೇನೆ. ಕಳಿಸಿದರೆ ತಿದ್ದುವೆಯಾ? ಆಗುವುದಿಲ್ಲ ಎಂದರೂ ನನಗೆ ಬೇಸರವಿಲ್ಲ.

ಪರಮೇಶಣ್ಣ

*

ಸವಣೂರು
೪ ಮಾರ್ಚ್ ೨೦೨೪, ಸೋಮವಾರ

ಪರಮೇಶಣ್ಣ,

ನಿಮ್ಮ ಕಾಗದ ಓದಿ ಎರಡು ದಿನ ಸಿಟ್ಟಿನಲ್ಲಿದ್ದೆ. ಸುಳ್ಳು ಬರೆದದ್ದಕ್ಕಲ್ಲ. ತೊಂಬತ್ತಾರರಲ್ಲಿ ಪ್ರತಿ ಮಂಗಳವಾರ ಟಪಾಲಿನವನ ಸೈಕಲ್ ಬಂದರೆ ಅಬ್ಬಾ, “ಪರಮ್ಯಾಂದು ಬಂತೇನು?” ಎಂದು ಕೇಳುತ್ತಿದ್ದರು. ಆರು ತಿಂಗಳು ಕೇಳಿದರು. ಆಮೇಲೆ, “ದೊಡ್ಡ ಮಾಸ್ತರ ಆದ, ಬಿಡು” ಎಂದರು. ಮತ್ತೆ ಕೇಳಲಿಲ್ಲ. ನಿಮಗೆ ಬರೆಯುವುದು ನಿಂತಿತು. ನನಗೆ ನೋಡುವುದು ನಿಂತಿತು. ಆಮೇಲೆ ನನಗೆ ನೋಡಲಿಕ್ಕೆಂದು ಯಾರೂ ಏನನ್ನೂ ಕಳಿಸಲಿಲ್ಲ. ಪ್ಲಾಸ್ಟಿಕ್ಕಿನ ಬೋರ್ಡು ಬಂದವು, ಅಂಗಡಿ ಮುಚ್ಚಿದೆವು.

ನಿಮ್ಮ ಪ್ರಶ್ನೆಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಗಿರಣಿಯನ್ನು ನೀವು ನೋಡದೆ ಬರೆದಿಲ್ಲ. ಏಳು ವರ್ಷ ನೋಡಿ, ಕೊನೆಯ ದಿನ ಒಂದು ಸಲ ನೋಡದೆ ಬರೆದಿರಿ. ಹೆಂಗಸಿನ ಸೊಂಟ, ಭತ್ತದ ರಾಶಿ, ಎಲ್ಲ ಕೈಗೆ ಗೊತ್ತಿತ್ತು. ಆ ದಿನದ ಬಿಸಿಲು ಮಾತ್ರ ಗೊತ್ತಿರಲಿಲ್ಲ. ಕಲಿತದ್ದು ಕೈಯಲ್ಲಿ ಉಳಿಯುತ್ತದೆ, ಬಿಸಿಲು ಉಳಿಯುವುದಿಲ್ಲ. ಅದಕ್ಕಾಗಿ ಪ್ರತಿ ಸಲ ಹೋಗಬೇಕು ಎಂದು ಕಾಣುತ್ತದೆ.

ಆದರೆ ನನ್ನ ಕೆಲಸದ ಬಗ್ಗೆಯೂ ಹೇಳಬೇಕು. ಹಿರೇಕೆರೂರು ನೋಡಿಲ್ಲ, ಹಂಸಭಾವಿ ನೋಡಿಲ್ಲ. ಎರಡು ಓಣಿಯ ನಡುವೆ ಕುಳಿತು ನಿಮ್ಮ ಊರುಗಳಿಗೆ ಉಂಗುರ ಹಾಕಿದೆ. ನಾನು ಹಾಕಿದ ಮುನ್ನೂರಕ್ಕೂ ಮಿಕ್ಕ ಉಂಗುರಗಳಲ್ಲಿ ಎಷ್ಟು ಸರಿಯೋ ಅಕ್ಕಿಆಲೂರಿಗೆ ಹೋಗಿ ಬಂದಾಗಿನಿಂದ ನನಗೆ ಗೊತ್ತಾಗುತ್ತಿಲ್ಲ. ನೀವು ಎಲ್ಲವನ್ನೂ ನಂಬಿ ಕೈ ತಿದ್ದಿಕೊಂಡಿರಿ.

ಮಡಕೆಯ ಕಾರ್ಡು ನೋಡಿದೆ. ತಿಪ್ಪವ್ವ ಹೇಳಿದಷ್ಟು ಕೆಟ್ಟದ್ದಲ್ಲ. ಎಡಗಡೆಯ ಮೂರನೆಯ ಮಡಕೆಯ ಕಂಠದ ಮೇಲೆ ನನಗೆ ಅನುಮಾನವಿದೆ. ಅನುಮಾನಕ್ಕೆ ಉಂಗುರ ಹಾಕುವುದಿಲ್ಲ. ಕಾರ್ಡು ನನ್ನ ಹತ್ತಿರವೇ ಇರಲಿ.

ನೀವು ಕಳಿಸಿರಿ, ನಾನು ತಿದ್ದುತ್ತೇನೆ. ಆದರೆ ಇನ್ನು ಮೇಲೆ ಜಾಗ ನೋಡದೆ ತಿದ್ದುವುದಿಲ್ಲ. ಬರುವ ವಾರ ರಮಜಾನ್ ಹಿಡಿಯುತ್ತದೆ. ಈದ್ ಮುಗಿದ ಮೇಲಿನ ಗುರುವಾರ, ಏಪ್ರಿಲ್ ಹದಿನೆಂಟಕ್ಕೆ, ಶಿಗ್ಗಾಂವಿಗೆ ಹೋಗಿ ಹನ್ನೊಂದು ಗಂಟೆಗೆ ಆ ಮಡಕೆಗಳ ಮುಂದೆ ನಿಲ್ಲುವುದೆಂದು ಮಾಡಿದ್ದೇನೆ. ನೀವು ಬರಬೇಡಿ. ಬರೆದವರು ಪಕ್ಕದಲ್ಲಿದ್ದರೆ ತಪ್ಪು ಕಾಣುವುದಿಲ್ಲ.

ಅಕೀಬನಿಗೆ ಇನ್ನೂ ಹೇಳಿಲ್ಲ. ಎಲ್ಲಿಗೆ, ಯಾಕೆ ಎಂದು ಕೇಳುತ್ತಾನೆ. ಈ ಸಲ ಸಂತೆ ಎನ್ನುವುದಿಲ್ಲ. ಒಂದು ಚಿತ್ರ ತಿದ್ದುವುದಿದೆ, ಅದಕ್ಕೆ ಹೊರಟಿದ್ದೇನೆ ಎಂದೇ ಹೇಳುತ್ತೇನೆ.

ಗುಲ್ನಾರ